ಮಳೆ ಡಬ್ಬಿಯ ನೀರು

ಸಂಶಯಕ್ಕೆ ಮದ್ದಿಲ್ಲ ಅನ್ನುತ್ತಾರೆ. ಮಳೆ ಟೀಚರಿಗೆ ಅದು ರೋಗವಾಗಿರಲಿಲ್ಲ, ಕಸುಬಾಗಿತ್ತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಹೆಂಗಸು. ಪರೀಕ್ಷೆಯ ಹೊತ್ತಿನಲ್ಲಿ ಯಾರ ತೋಳಿನೊಳಗೆ ಚೀಟಿ ಇದೆ ಎನ್ನುವುದನ್ನು ಅವನ ಕೆಮ್ಮಿನಿಂದಲೇ ಹೇಳುತ್ತಿದ್ದಳು. ನಿವೃತ್ತಿಯ ದಿನ ಶಾಲೆಯವರು ಹಾರ ಹಾಕಿ ಕಳಿಸಿದರೇ ಹೊರತು ಆ ಕಣ್ಣನ್ನೇನೂ ವಾಪಸ್ ತೆಗೆದುಕೊಳ್ಳಲಿಲ್ಲ. ಹಾಲಿನವನ ಅಳತೆ, ತರಕಾರಿಯವನ ತಕ್ಕಡಿ, ಪಕ್ಕದ ಮನೆ ನಾಯಿಯ ಸಾಧುತನ, ಎಲ್ಲವೂ ಅವಳ ಲೆಕ್ಕದಲ್ಲಿ ಒಂದಲ್ಲ ಒಂದು ದಿನ ಸಿಕ್ಕಿಬೀಳಲೇಬೇಕಾದ ಸಂಗತಿಗಳು.

ಮಳೆ ಟೀಚರ್ ಎಂಬ ಹೆಸರು ಬಂದದ್ದು ಮಳೆ ಡಬ್ಬಿಯಿಂದ. ಊರಿನ ಚರ್ಚಿಗೂ ಅದರ ಪಕ್ಕದ ಫುಟ್‌ಬಾಲ್ ಮೈದಾನಕ್ಕೂ ನಡುವೆ, ತಂತಿಬೇಲಿ ಹಾಕಿದ ನಾಲ್ಕಡಿ ಜಾಗದಲ್ಲಿ, ಒಂದು ಮಳೆಮಾಪಕ ಇತ್ತು. ಮೇಲೆ ತಾಮ್ರದ ಆಲಿಕೆ, ಒಳಗೆ ಒಂದು ಬಾಟಲಿ, ಪಕ್ಕದಲ್ಲಿ ಗೆರೆ ಹಾಕಿದ ಗಾಜಿನ ಲೋಟ. ದಿನಾ ಬೆಳಗ್ಗೆ ಎಂಟಕ್ಕೆ ಬಾಟಲಿಯ ನೀರನ್ನು ಲೋಟಕ್ಕೆ ಬಗ್ಗಿಸಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುವುದು ಅವಳ ಕೆಲಸ. ಸಂಬಳವಿಲ್ಲ, ಸಾಟಿಯೂ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ತಪ್ಪಿಸಿದವಳಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಬಂದು ಅಳೆದಿದ್ದಳು.

ಈ ಡಬ್ಬಿಗೆ ಊರಿನಲ್ಲಿ ನ್ಯಾಯಾಧೀಶನ ಸ್ಥಾನ ಸಿಕ್ಕಿದ್ದಕ್ಕೂ ಒಂದು ಕಥೆ ಇದೆ. ಹಿಂದೊಮ್ಮೆ ಮೇಲಿನ ಬೀದಿಯ ತಂಡಕ್ಕೂ ಕೆಳಗಿನ ಬೀದಿಯ ತಂಡಕ್ಕೂ ಮೈದಾನ ಆಡುವಷ್ಟು ಒಣಗಿದೆಯೋ ಇಲ್ಲವೋ ಅಂತ ಮಾತಿಗೆ ಮಾತು ಬೆಳೆದು ಎರಡು ತಲೆ ಒಡೆದಿದ್ದವು. ಆಗಿದ್ದ ಹಳೇ ಪಾದ್ರಿಗಳು, ‘ಇನ್ನು ಮೇಲೆ ದೇವರೇ ಹೇಳಲಿ’ ಎಂದು ಒಂದು ಕಟ್ಟಳೆ ಮಾಡಿದರು. ಶನಿವಾರ ಬೆಳಗಿನ ಅಳತೆ ಹತ್ತು ಮಿಲಿಮೀಟರ್ ಮುಟ್ಟಿದರೆ ಅವತ್ತು ಮಧ್ಯಾಹ್ನದ ಆಟ ಇಲ್ಲ. ಕಡಿಮೆ ಇದ್ದರೆ ಕೆಸರಾದರೂ ಆಡಲೇಬೇಕು. ಮೈದಾನದ ಕಡೆ ಮುಖ ಮಾಡಿದ ಚರ್ಚಿನ ಗೋಡೆಯ ಕರಿಹಲಗೆಯ ಮೇಲೆ ಟೀಚರಮ್ಮ ಸೀಮೆಸುಣ್ಣದಲ್ಲಿ ಒಂದು ಅಂಕಿ ಬರೆದಳೆಂದರೆ ಮುಗಿಯಿತು, ಮೇಲಿನ ಬೀದಿಯೂ ತಲೆ ಬಾಗಿಸುತ್ತಿತ್ತು, ಕೆಳಗಿನ ಬೀದಿಯೂ ತಲೆ ಬಾಗಿಸುತ್ತಿತ್ತು. ಆಟ ನಡೆದರೆ ಅದಕ್ಕೆ ರೆಫರಿ ಅವಳ ಗಂಡನೇ. ವಾಚ್ ರಿಪೇರಿ ಅಂಗಡಿ ಇಟ್ಟಿದ್ದ ಅವರನ್ನು ಊರಿನ ಚಿಕ್ಕವರು ದೊಡ್ಡವರೆಲ್ಲ ಸೀಟಿ ಮಾಮ ಅಂತಲೇ ಕರೆಯುತ್ತಿದ್ದರು. ಎರಡು ವರ್ಷದ ಕೆಳಗೆ, ‘ಈಗ ಎಲ್ಲರೂ ಫೋನಲ್ಲೇ ಟೈಮ್ ನೋಡ್ತಾರೆ, ವಾಚ್ ಯಾರಿಗೆ ಬೇಕು’ ಎಂದು ಅಂಗಡಿ ಮುಚ್ಚಿದ್ದರು. ಸೀಟಿ ಮಾತ್ರ ಬಿಟ್ಟಿರಲಿಲ್ಲ. ಗಂಡ ಆಟ ನಡೆಸುವವರು, ಹೆಂಡತಿ ಆಟ ನಿಲ್ಲಿಸುವವಳು ಎಂದು ಊರು ನಗುತ್ತಿತ್ತು.

ಆ ಮಳೆಗಾಲದ ಏಳನೇ ಆಟದಲ್ಲಿ ಒಂದು ಎಡವಟ್ಟಾಯಿತು. ಕೆಳಗಿನ ಬೀದಿಯವರು ಒದ್ದ ಚೆಂಡು ಕಂಬದ ಹೊರಗಿನಿಂದ ಹೋಗಿ ಬಲೆಯ ಪಕ್ಕಕ್ಕೆ ಬಡಿಯಿತು. ಸೀಟಿ ಮಾಮ ಗೋಲು ಎಂದು ಊದಿಬಿಟ್ಟರು. ಮೇಲಿನ ಬೀದಿಯ ಕ್ಯಾಪ್ಟನ್ ಆಗಿದ್ದ ಬೇಕರಿಯವನು ಓಡಿ ಬಂದು, "ಮಾಮ, ಕಣ್ಣನ್ನ ಅಂಗಡಿಲೇ ಬಿಟ್ಟು ಬಂದ್ರಾ?" ಅಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಮನೂ ನಕ್ಕರು, ಆದರೆ ಕಿವಿ ಕೆಂಪಗಾಗಿತ್ತು. ಟೀಚರಮ್ಮ ಮಾತ್ರ ನಗಲಿಲ್ಲ. ತಾನೇ ವಿಜ್ಞಾನ ಕಲಿಸಿದ ಹುಡುಗ, ಈಗ ಮೂವತ್ತೈದರ ಗಂಡಸು, ತನ್ನ ಗಂಡನ ಮೇಲೆ ಇಷ್ಟು ದೊಡ್ಡ ದನಿ ತೆಗೆದದ್ದನ್ನು ಅವಳು ಹೊಟ್ಟೆಯಲ್ಲಿ ಇಟ್ಟುಕೊಂಡಳು.

ಅದರ ಮುಂದಿನ ಶನಿವಾರ ಡಬ್ಬಿಯಲ್ಲಿ ಹನ್ನೆರಡು ಮಿಲಿಮೀಟರ್ ಇತ್ತು. ರಾತ್ರಿ ಹನಿ ಬಿದ್ದದ್ದು ನಿಜ, ಹೆಂಚಿನ ಮೇಲೆ ಟಪಟಪ ಕೇಳಿಸಿತ್ತು. ಆದರೆ ಹನ್ನೆರಡೇ? ಚರ್ಚಿನ ಅಂಗಳದಲ್ಲಿ ಒಂದು ಬಾದಾಮಿ ಮರವಿದೆ. ಅದರ ಉದುರಿದ ಎಲೆಗಳು ಅಗಲವಾಗಿ, ಅಂಚು ಮೇಲೆದ್ದು ಬಿದ್ದಿರುತ್ತವೆ. ಹತ್ತು ಮಿಲಿಮೀಟರ್ ಬಂದರೆ ಆ ಎಲೆಗಳಲ್ಲಿ ಗುಬ್ಬಿ ಕುಡಿಯುವಷ್ಟು ನೀರು ನಿಲ್ಲಲೇಬೇಕು. ಅವತ್ತು ಎಲೆ ಒದ್ದೆಯಾಗಿತ್ತು, ನೀರು ನಿಂತಿರಲಿಲ್ಲ. ಗಾಳಿಗೆ ಚೆಲ್ಲಿರಬಹುದು ಅಂದುಕೊಂಡು ಹಲಗೆಯ ಮೇಲೆ ಹನ್ನೆರಡು ಬರೆದಳು. ಆಟ ನಿಂತಿತು.

ಎರಡನೇ ಶನಿವಾರ ಇಪ್ಪತ್ತಮೂರು ಬಂತು! ಇಪ್ಪತ್ತಮೂರು ಬಿದ್ದ ದಿನ ಮೈದಾನದ ಮೂಲೆಯ ಚರಂಡಿ ಸದ್ದು ಮಾಡಿಕೊಂಡು ಹರಿಯಬೇಕು. ಇಲ್ಲಿ ಇರುವೆಗಳು ತಮ್ಮ ಗೂಡಿನ ಬಾಯಿಗೆ ಎತ್ತಿಟ್ಟ ಪುಡಿಮಣ್ಣೇ ಕರಗಿರಲಿಲ್ಲ. ಬೇಲಿಯ ತಂತಿಗೆ ಜೇಡ ಕಟ್ಟಿದ ಬಲೆ ಹರಿದಿರಲಿಲ್ಲ. ಆಕಾಶ ಸುಳ್ಳು ಹೇಳುವುದಿಲ್ಲ, ಇರುವೆ ಸುಳ್ಳು ಹೇಳುವುದಿಲ್ಲ. ಹಾಗಾದರೆ ಸುಳ್ಳು ಹೇಳಿದವರು ಯಾರು? ಎರಡು ಕಾಲಿನವರೇ ಇರಬೇಕು.

ಯಾರೋ ಡಬ್ಬಿಗೆ ನೀರು ಹುಯ್ಯುತ್ತಿದ್ದಾರೆ. ಇದು ಹೊಳೆದ ಕೂಡಲೇ ಟೀಚರಮ್ಮನಿಗೆ ದಿಗಿಲಾಯಿತು. ಆಟ ನಿಂತದ್ದಕ್ಕಲ್ಲ. ಇಪ್ಪತ್ತಾರು ವರ್ಷದ ನೋಟ್‌ಬುಕ್ಕಿನಲ್ಲಿ ಅವಳ ಸ್ವಂತ ಅಕ್ಷರದಲ್ಲಿ ಎರಡು ಸುಳ್ಳು ಕೂತಿದ್ದವು. ಸುಳ್ಳು ಸಾಕ್ಷಿ ಹೇಳಬಾರದು ಎಂದು ಚಿಕ್ಕಂದಿನಿಂದ ಬಾಯಿಪಾಠ ಮಾಡಿದವಳು ಅವಳು. ಈಗ ಯಾರೋ ಅವಳ ಕೈ ಹಿಡಿದು ಸುಳ್ಳು ಬರೆಸುತ್ತಿದ್ದರು. ಬೇಲಿಯ ಗೇಟಿಗೆ ಬೀಗ ಹಾಕಬಹುದಿತ್ತು. ಹಾಕಿದರೆ ಕಳ್ಳತನ ನಿಲ್ಲುತ್ತದೆ ಅಷ್ಟೆ, ಕಳ್ಳ ಸಿಗುವುದಿಲ್ಲ. ಅವಳಿಗೆ ಕಳ್ಳನೇ ಬೇಕಾಗಿತ್ತು.

ಮೊದಲ ಅನುಮಾನ ಹೋದದ್ದು ಹೊಸ ಪಾದ್ರಿಗಳ ಮೇಲೆ. ಬಂದು ಆರು ತಿಂಗಳಾಗಿತ್ತು, ಇನ್ನೂ ಮೂವತ್ತು ದಾಟಿರಲಿಲ್ಲ. ಮೈದಾನದ ಅಂಚಿನಲ್ಲಿ ಒಂದು ಸಭಾಂಗಣ ಕಟ್ಟಿಸುವ ಮಾತಾಡಿದ್ದರು. ಆಟ ನಿಂತರೆ ಜಾಗ ಖಾಲಿ, ಜಾಗ ಖಾಲಿಯಾದರೆ ಕಟ್ಟಡ. ಲೆಕ್ಕ ಸರಿಹೋಯಿತು. ಆದರೆ ಪಾದ್ರಿಗಳನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು ಹೇಗೆ? ಟೀಚರಮ್ಮ ಬುಧವಾರ ಸಂಜೆ ಪಾಪನಿವೇದನೆಗೆ ಹೋಗಿ ಮಂಡಿಯೂರಿದಳು.

"ಫಾದರ್, ನಾನು ಒಬ್ಬರ ಮೇಲೆ ಅನುಮಾನ ಪಟ್ಟಿದ್ದೀನಿ."

"ಅದು ಎಲ್ಲರೂ ಮಾಡೋ ಪಾಪಾನೇ," ಜಾಲರಿಯ ಆ ಕಡೆಯಿಂದ ದನಿ ಬಂತು. "ಅವರ ಬಗ್ಗೆ ಒಳ್ಳೇದು ಏನಿದೆ ಅಂತ ಯೋಚನೆ ಮಾಡಿ. ಯಾರು ಅವರು?"

"ನೀವು."

ಶನಿವಾರ ಬೆಳಗ್ಗೆ ಯಾರೋ ಡಬ್ಬಿಗೆ ನೀರು ಹುಯ್ಯುತ್ತಿರುವುದನ್ನೂ ಹೇಳಿದಳು. ಆ ಕಡೆಯಿಂದ ಒಂದು ಕೆಮ್ಮು ಬಂತು. ಟೀಚರಮ್ಮ ಕಿವಿ ನೆಟ್ಟಗೆ ಮಾಡಿ ಆ ಕೆಮ್ಮನ್ನು ಪರೀಕ್ಷಿಸಿದಳು. ಚೀಟಿ ಇದ್ದವನ ಕೆಮ್ಮಾಗಿರಲಿಲ್ಲ, ನಗು ತಡೆದವನ ಕೆಮ್ಮಾಗಿತ್ತು.

"ಟೀಚರ್, ಶನಿವಾರ ನಾನು ಏಳೋದೇ ಏಳೂವರೆಗೆ. ಅದು ನನ್ನ ಪಾಪ. ನಿಮ್ಮದನ್ನ ನಾನು ಗುಟ್ಟಾಗಿ ಇಟ್ಕೋತೀನಿ, ನನ್ನದನ್ನ ನೀವು ಇಟ್ಕೊಳ್ಳಿ."

ಹೀಗೆ ಪಾದ್ರಿಗಳು ಬಿಡುಗಡೆಯಾದರು. ಉಳಿದದ್ದು ಬೇಕರಿಯವನು. ಅವನ ತಂಡದಲ್ಲಿ ಗೋಲು ಹೊಡೆಯುವವನು ಒಬ್ಬನೇ, ಅವನ ಅಕ್ಕನ ಮಗ. ಆ ಹುಡುಗನ ಪಾದ ಉಳುಕಿ ಕಟ್ಟು ಹಾಕಿದ್ದರು. ಒಂದು ತಿಂಗಳು ಓಡಬಾರದು ಎಂದಿದ್ದರಂತೆ. ಒಂದು ತಿಂಗಳು ಆಟ ನಿಂತರೆ ಯಾರಿಗೆ ಲಾಭ? ಮೇಲಾಗಿ ಪ್ರತಿ ಶನಿವಾರ ಬೆಳಕು ಹರಿಯುವ ಹೊತ್ತಿಗೆ ಚರ್ಚಿನ ಹಿಂದಿನ ಅನಾಥಾಲಯಕ್ಕೆ ಬ್ರೆಡ್ಡಿನ ಬುಟ್ಟಿ ತಂದುಕೊಡುವವನೂ ಅವನೇ. ದಾರಿ ಮಳೆ ಡಬ್ಬಿಯ ಪಕ್ಕದಲ್ಲೇ. ಇಷ್ಟೆಲ್ಲ ಕೂಡಿ ಬಂದರೂ ಟೀಚರಮ್ಮ ಸಾಕ್ಷಿಗೆ ಕಾದಳು. ಮೂರನೇ ಶನಿವಾರ ಸಾಕ್ಷಿಯೂ ಸಿಕ್ಕಿತು. ಬಾಟಲಿಯಲ್ಲಿ ಹನ್ನೊಂದು. ಗೇಟಿನ ಚಿಲಕದ ಮೇಲೆ ಮೈದಾಹಿಟ್ಟಿನ ಎರಡು ಬೆರಳಚ್ಚು, ಬೆಳ್ಳಗೆ, ಯಾರೋ ಸಹಿ ಹಾಕಿಟ್ಟ ಹಾಗೆ.

ಕಟ್ಟಳೆ ಕಟ್ಟಳೆಯೇ ಎಂದು ಅವಳು ಹಲಗೆಯ ಮೇಲೆ ಅಂಕಿ ಬರೆದವಳೇ ನೇರ ಬೇಕರಿಗೆ ನಡೆದಳು. ಕುದಿಯುತ್ತಿದ್ದಳು. ಒಲೆಯಿಂದ ಬನ್ನಿನ ತಟ್ಟೆ ತೆಗೆಯುತ್ತಿದ್ದವನ ಮುಂದೆ ಏಳೆಂಟು ಗಿರಾಕಿಗಳು ನಿಂತಿದ್ದರು. ಅವರು ಹೋಗಲಿ ಎಂದು ಕಾಯುವ ತಾಳ್ಮೆ ಅವಳಿಗಿರಲಿಲ್ಲ.

"ಮಳೆ ಡಬ್ಬಿಗೆ ಕೈ ಹಾಕಿದ್ಯಾ?"

"ಡಬ್ಬಿಗಾ? ಇಲ್ಲ ಟೀಚರ್. ಬೇಲಿ ಗೇಟು ತೆರೆದು ಬಿದ್ದಿತ್ತು. ಮೇಕೆ ನುಗ್ಗುತ್ತೆ ಅಂತ ಚಿಲಕ ಹಾಕಿದೆ."

"ಮೂರು ವಾರದಿಂದ ನೀರು ಹುಯ್ಯೋ ಮೇಕೆ! ನಿನ್ನ ಅಕ್ಕನ ಮಗನ ಕಾಲು ಸರಿಹೋಗೋವರೆಗೂ ಈ ಊರಲ್ಲಿ ಮಳೆ ನಿಲ್ಲಲ್ಲ ಅಲ್ವಾ?"

ಬೇಕರಿಯವನು ತಟ್ಟೆ ಹಿಡಿದುಕೊಂಡೇ ನಿಂತ. ಬಿಸಿ ಬಟ್ಟೆಯ ಮೇಲಿಂದ ಕೈಗೆ ತಾಕುತ್ತಿದ್ದಿರಬೇಕು, ಅವನಿಗೆ ಅದರ ಪರಿವೆಯೂ ಇರಲಿಲ್ಲ. "ನಾನಲ್ಲ ಟೀಚರ್," ಅಂದ, ಶಾಲೆಯ ಹುಡುಗನ ದನಿಯಲ್ಲಿ. ಅವನ ಮುಖ ಕಪ್ಪಿಟ್ಟಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡು ಟೀಚರಮ್ಮ ಮನೆಗೆ ಬಂದಳು.

ಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ವಿವರಿಸಿದಳು, ಮೈದಾಹಿಟ್ಟಿನ ಗುರುತನ್ನು ಎರಡೆರಡು ಸಲ. ಸೀಟಿ ಮಾಮ ಕಿಟಕಿಯ ಕಡೆ ತಿರುಗಿ ಕೂತಿದ್ದರು.

"ಅವನಲ್ಲ ಇರಬಹುದು ಕಣೇ. ಪಾಪ, ಬಿಡು."

"ನಿಮಗೆ ಎಲ್ಲರೂ ಪಾಪವೇ. ಕಣ್ಣನ್ನ ಅಂಗಡಿಲಿ ಬಿಟ್ಟು ಬಂದ್ರಾ ಅಂದಿದ್ದು ಮರೆತುಹೋಯ್ತಾ?"

ಅವರು ಮಧ್ಯಾಹ್ನದ ಊಟಕ್ಕೆ ಹಸಿವಿಲ್ಲ ಅಂದರು.

ಊರಿಗೆ ಇಷ್ಟು ಸಾಕಾಯಿತು. ಮಳೆಗೇ ನೀರು ಬೆರೆಸಿದವನು ಹಾಲಿಗೆ ಬಿಡ್ತಾನಾ ಎಂದು ಯಾರೋ ಅಂದದ್ದು ಒಂದೇ ದಿನದಲ್ಲಿ ಎರಡೂ ಬೀದಿ ಸುತ್ತಿತು. ಕ್ಷೌರದ ಅಂಗಡಿಯವನು ಗಿರಾಕಿಯ ತಲೆಗೆ ನೀರು ಚಿಮುಕಿಸುವಾಗೆಲ್ಲ, "ಎಷ್ಟು ಮಿಲಿಮೀಟರ್ ಬೇಕು?" ಎಂದು ಕೇಳಿ ನಗಿಸುತ್ತಿದ್ದ. ಬೇಕರಿಯ ಗಾಜಿನ ಕಪಾಟಿನಲ್ಲಿ ಬುಧವಾರದ ಬನ್ನು ಶುಕ್ರವಾರವೂ ಕೂತಿತ್ತು. ಅನಾಥಾಲಯಕ್ಕೆ ಬ್ರೆಡ್ಡು ತರುವ ಕೆಲಸವನ್ನು ಅವನು ತಾನಾಗಿಯೇ ನಿಲ್ಲಿಸಿ, ‘ನಾನು ಆ ದಾರಿಗೇ ಬರಲ್ಲ’ ಎಂದು ಹೇಳಿ ಕಳಿಸಿದ. ಕಳ್ಳ ತಣ್ಣಗಾದ ಎಂದು ಟೀಚರಮ್ಮನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅವನು ಮೇಕೆ ಎಂದಿದ್ದನಲ್ಲ, ಗೇಟು ತೆರೆದು ಬಿದ್ದಿತ್ತು ಎಂದಿದ್ದನಲ್ಲ. ಗುಟ್ಟಾಗಿ ನೀರು ಹುಯ್ಯಲು ಬಂದವನು ಸಾಮಾನ್ಯವಾಗಿ ಗೇಟು ಮುಚ್ಚಿ ಹೋಗುತ್ತಾನೆ. ತೆರೆದಿಟ್ಟು ಹೋಗುವ ಕಳ್ಳ ಎಂಥವನು? ಅವಳ ಅನುಮಾನಕ್ಕೇ ಈಗ ಅನುಮಾನ ಹತ್ತಿತು.

ಶುಕ್ರವಾರ ಸಂಜೆ, ತಂಗಿಗೆ ಮೈ ಹುಷಾರಿಲ್ಲ, ರಾತ್ರಿ ಅಲ್ಲೇ ಇದ್ದು ಬೆಳಗ್ಗೆ ಎಂಟಕ್ಕೆ ನೇರ ಡಬ್ಬಿ ಹತ್ತಿರ ಹೋಗುತ್ತೇನೆ ಎಂದು ಗಂಡನಿಗೆ ಹೇಳಿ ಹಿಂದಿನ ಬೀದಿಯ ತಂಗಿಯ ಮನೆಗೆ ಹೋದಳು. ತಂಗಿ ಗುಂಡುಕಲ್ಲಿನ ಹಾಗಿದ್ದಳು. ಸುಳ್ಳು ಹೇಳಿ ಕಳ್ಳನನ್ನು ಹಿಡಿಯುವುದು ಪಾಪವೋ ಅಲ್ಲವೋ ಎಂದು ಬೆಳಗಿನವರೆಗೂ ತರ್ಕ ಮಾಡಿ, ಐದೂವರೆಗೆ ಎದ್ದು, ಚರ್ಚಿನ ಪಕ್ಕದ ಕೋಣೆಯಲ್ಲಿ, ಪಾದ್ರಿಗಳ ಪೂಜೆಯ ಬಟ್ಟೆಗಳ ಬೀರುವಿನ ಪಕ್ಕ, ಕಿಟಕಿಗೆ ಮುಖ ಕೊಟ್ಟು ನಿಂತಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದರೆ ಇದೇ.

ಬೆಳಕು ಹರಿಯಿತು. ರಾತ್ರಿ ನಾಲ್ಕು ಹನಿ ಬಿದ್ದಿತ್ತು ಅಷ್ಟೆ. ಮೈದಾನದ ಹುಲ್ಲಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು ಆಗಲೇ ಹಾರಾಟ ಶುರುಮಾಡಿದ್ದವು. ಚರ್ಚಿನ ಗೋಡೆಯ ಮೂಲೆಯಿಂದ ಒಬ್ಬ ಮನುಷ್ಯ ಬಂದ. ಕೈಯಲ್ಲಿ ನೀರಿನ ಬಾಟಲಿ. ಇನ್ನೊಂದು ಕೈ ಗೋಡೆಯನ್ನು ಸವರುತ್ತ ಬರುತ್ತಿತ್ತು, ಬಣ್ಣ ಒಣಗಿದೆಯೋ ಎಂದು ನೋಡುವವರ ಹಾಗೆ. ಟೀಚರಮ್ಮನಿಗೆ ಮೊದಲು ನಡಿಗೆಯ ಗುರುತು ಸಿಕ್ಕಿತು, ಆಮೇಲೆ ಸ್ವೆಟರಿನದು. ಆ ಸ್ವೆಟರನ್ನು ಹೆಣೆದವಳು ಅವಳೇ.

ಬೆಳಗಿನ ವಾಕಿಂಗ್ ಎಂದು ದಿನಾ ಬಾಟಲಿ ಹಿಡಿದು ಹೊರಡುವ ಗಂಡ!

ಸೀಟಿ ಮಾಮ ಗೇಟಿನ ಹತ್ತಿರ ನಿಂತು ಚಿಲಕ ಹುಡುಕಿದರು. ಕೈ ಚಿಲಕದ ಮೇಲಕ್ಕೆ ಹೋಯಿತು, ಕೆಳಕ್ಕೆ ಹೋಯಿತು, ಕೊನೆಗೆ ಸಿಕ್ಕಿತು. ಒಳಗೆ ಹೋಗಿ ಬಾಟಲಿ ಬಗ್ಗಿಸಿದರು. ನೀರು ಆಲಿಕೆಯ ಪಕ್ಕ ಸುರಿದು ಬೂಟಿನ ಮೇಲೆ ಬಿತ್ತು. ಅವರು ತಡೆದು, ಎಡಗೈಯ ಬೆರಳಿನಿಂದ ತಾಮ್ರದ ಅಂಚನ್ನು ಮುಟ್ಟಿ ಹಿಡಿದು, ಆ ಬೆರಳಿಗೆ ಬಾಟಲಿಯ ಬಾಯಿ ತಾಗಿಸಿಕೊಂಡು ಮತ್ತೆ ಹುಯ್ದರು. ತಲೆಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ವಾಚಿನ ಹೊಟ್ಟೆಯೊಳಗೆ ಕೂರಿಸುತ್ತಿದ್ದ ಕೈ ಅದು. ವಾಪಸ್ ಹೋಗುವಾಗ ಗೇಟನ್ನು ಎಳೆದರು, ಅದು ಕೂಡಿಕೊಳ್ಳಲಿಲ್ಲ, ಅವರಿಗೆ ಅದು ಕಾಣಲೂ ಇಲ್ಲ.

ಟೀಚರಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಎಂಟು ಗಂಟೆಯವರೆಗೂ ಕೂತಿದ್ದಳು. ಆಮೇಲೆ ಹೋಗಿ ಬಾಟಲಿಯ ನೀರನ್ನು ನೆಲಕ್ಕೆ ಚೆಲ್ಲಿ, ಹಲಗೆಯ ಮೇಲೆ ‘ಈ ದಿನ ಅಳತೆ ಇಲ್ಲ’ ಎಂದು ಬರೆದಳು. ಎರಡೂ ಬೀದಿಯವರು ಬಂದು ಓದಿ, ತಲೆ ಕೆರೆದುಕೊಂಡು, ಪಾದ್ರಿಗಳನ್ನು ಕರೆತಂದರು. ಪಾದ್ರಿಗಳು ಟೀಚರಮ್ಮನ ಮುಖ ನೋಡಿ ಇವತ್ತು ಆಟ ಬೇಡ ಎಂದುಬಿಟ್ಟರು.

ಮನೆಯಲ್ಲಿ ಅವಳು ಎಂದಿನಂತೆ ಕಾಫಿ ಮಾಡಿ, ಎಂದಿನ ಜಾಗದಲ್ಲಿ, ಗಂಡನ ಬಲಗೈ ಪಕ್ಕ ಲೋಟ ಇಟ್ಟಳು. ಆಮೇಲೆ ಸದ್ದಿಲ್ಲದೆ ಅದನ್ನು ಒಂದು ಗೇಣು ಆಚೆ ಸರಿಸಿದಳು. ಮಾಮನ ಕೈ ಲೋಟವಿದ್ದ ಜಾಗಕ್ಕೆ ಬಂತು. ಅಲ್ಲಿ ಏನೂ ಇರಲಿಲ್ಲ. ಬೆರಳುಗಳು ಮೇಜಿನ ಮೇಲೆ ಮೆಲ್ಲಗೆ ನಡೆದು ಹೋಗಿ ಲೋಟವನ್ನು ಮುಟ್ಟಿದವು. ಏನೂ ಆಗದವರಂತೆ ಅವರು ಎತ್ತಿ ಕುಡಿದರು. ಇಂಥ ಪರೀಕ್ಷೆ ಮಾಡಿದ್ದಕ್ಕೆ ಟೀಚರಮ್ಮನಿಗೆ ಜೀವಮಾನದಲ್ಲಿ ಮೊದಲ ಸಲ ತನ್ನ ಬುದ್ಧಿಯ ಮೇಲೆ ಹೇಸಿಗೆಯಾಯಿತು.

"ಎಷ್ಟು ದಿನದಿಂದ ರೀ?"

"ಏನು?"

"ಬೆಳಗ್ಗೆ ನೋಡಿದೆ. ನಿಮ್ಮ ಬೂಟು ಇನ್ನೂ ಒದ್ದೆ ಇದೆ."

ಮಾಮ ಲೋಟ ಕೆಳಗಿಟ್ಟರು.

"ನಡುವೆ ಕಾಣಲ್ಲ ಕಣೇ," ಅಂದರು. "ಅಂಚಲ್ಲಿ ಕಾಣುತ್ತೆ. ಯಾರೋ ಇದಾರೆ ಅಂತ ಗೊತ್ತಾಗುತ್ತೆ, ಯಾರು ಅಂತ ಗೊತ್ತಾಗಲ್ಲ. ನಿನ್ನ ಕಿವಿ ಕಾಣುತ್ತೆ, ಮುಖ ಕಾಣಲ್ಲ. ಎರಡು ವರ್ಷ ಆಯ್ತು."

"ಅಂಗಡಿ ಮುಚ್ಚಿದ್ದು ಅದಕ್ಕೇನಾ?"

"ಹೂಂ. ಡಾಕ್ಟರಿಗೆ ತೋರಿಸಿದ್ದೆ. ಹೋದದ್ದು ವಾಪಸ್ ಬರಲ್ಲ ಅಂದ್ರು."

"ನನಗೆ ಯಾಕೆ ಹೇಳಲಿಲ್ಲ?"

ಅವರು ಅವಳ ಕಡೆ ತಿರುಗಿದರು. ಈಗ ಅವಳಿಗೆ ಗೊತ್ತಾಯಿತು, ಅವರು ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ಮುಖದ ಸ್ವಲ್ಪ ಪಕ್ಕಕ್ಕೆ. ಎಷ್ಟೋ ದಿನದಿಂದ ಹಾಗೇ ನೋಡುತ್ತಿದ್ದರು. ತನ್ನ ಮೇಲೆ ಅವರಿಗೆ ಬೇಜಾರು, ಅದಕ್ಕೇ ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ಅವಳು ಅಂದುಕೊಂಡಿದ್ದಳು.

"ಹಾಲಿನವನನ್ನ ನೋಡೋ ಹಾಗೆ ನನ್ನನ್ನೂ ನೋಡ್ತೀಯ ಅಂತ. ಎಲ್ಲಿ ಎಡವಿದೆ, ಎಲ್ಲಿ ಚೆಲ್ಲಿದೆ ಅಂತ ದಿನಾ ಅಳೀತಾ ಇರ್ತೀಯ ಅಂತ. ಹೆದರಿಕೆ ಆಯ್ತು."

ಅವಳು ಲೋಟವನ್ನು ಮತ್ತೆ ಅವರ ಬಲಗೈ ಪಕ್ಕಕ್ಕೆ ಸರಿಸಿದಳು. ಅವರೇ ಮುಂದುವರಿಸಿದರು. ಆ ಗೋಲಿನ ದಿನ ಜನ ನಕ್ಕಾಗ ಜೀವ ಬಾಯಿಗೆ ಬಂದಿತ್ತು. ಇನ್ನು ನಾಲ್ಕೇ ಆಟ ಇದ್ದವು. ಮಳೆ ಅಂತ ತಪ್ಪಿಹೋದರೆ ಈ ವರ್ಷ ಹಾಗೇ ಮುಗಿಯುತ್ತದೆ, ಮುಂದಿನ ವರ್ಷ ವಯಸ್ಸಾಯಿತು ಎಂದು ಸೀಟಿ ಕೊಟ್ಟುಬಿಡಬಹುದು. ಕುರುಡ ಎಂದು ಯಾರೂ ಅನ್ನುವುದಿಲ್ಲ.

"ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ ಅಂದ್ಕೊಂಡೆ."

"ಕೋಲು ಮುರೀತಲ್ಲ ರೀ. ಬೇಕರಿಯವನ ಬೆನ್ನ ಮೇಲೆ."

"ಅವನು ಆ ಕಡೆ ಬರೋದು ನಿಲ್ಲಿಸಿದ ಮೇಲೂ ನೀರು ಬಂದ್ರೆ ಅವನ ಮೇಲಿನ ಅಪವಾದ ಹೋಗುತ್ತೆ ಅಂತ ಇವತ್ತು ಹುಯ್ದೆ," ಅಂದರು ಮಾಮ. ಸ್ವಲ್ಪ ತಡೆದು, "ಅದೂ ಇತ್ತು, ಇದೂ ಇತ್ತು. ಸುಳ್ಳು ಯಾಕೆ ಹೇಳ್ಲಿ."

"ನಾಳೆ ಚರ್ಚಲ್ಲಿ ನಾನು ಅವನ ಕ್ಷಮೆ ಕೇಳ್ತೀನಿ. ಎಲ್ಲರ ಮುಂದೆ ಅಂದವಳು ಎಲ್ಲರ ಮುಂದೆ ಕೇಳಬೇಕು."

"ಡಬ್ಬಿ ತೂತಾಗಿತ್ತು ಅಂತ ಹೇಳು."

"ತೂತಾದ್ರೆ ನೀರು ಕಡಿಮೆ ಆಗುತ್ತೆ ರೀ, ಜಾಸ್ತಿ ಆಗಲ್ಲ."

ಇಬ್ಬರಿಗೂ ನಗು ಬರಬೇಕಿತ್ತು, ಬರಲಿಲ್ಲ. "ನನ್ನ ಹೆಸರು ಹೇಳ್ತೀಯಾ?" ಎಂದು ಮಾಮ ಕೇಳಿದರು. ಟೀಚರಮ್ಮ ಗೊತ್ತಿಲ್ಲ ಅಂದಳು. ಅದು ನಿಜವೇ ಆಗಿತ್ತು. ಹೇಳದಿದ್ದರೆ ಊರು ಬೇಕರಿಯವನನ್ನು ಅರ್ಧವೇ ನಂಬುತ್ತದೆ, ಹೇಳಿದರೆ ಗಂಡನ ಮೂವತ್ತು ವರ್ಷದ ಮರ್ಯಾದೆಯನ್ನು ಅವಳ ಕೈಯಾರೆ ಚೆಲ್ಲಿದ ಹಾಗೆ.

ಭಾನುವಾರದ ಪೂಜೆಯಲ್ಲಿ ಪಾದ್ರಿಗಳ ಪ್ರಸಂಗದ ಒಂದು ಮಾತೂ ಅವಳ ತಲೆಗೆ ಹತ್ತಲಿಲ್ಲ. ಪ್ರಕಟಣೆಗಳೆಲ್ಲ ಮುಗಿದ ಮೇಲೆ, ಅವಳು ಮೊದಲೇ ಕೇಳಿಕೊಂಡಿದ್ದಂತೆ, ಪಾದ್ರಿಗಳು ಅವಳ ಕಡೆ ನೋಡಿ ತಲೆಯಾಡಿಸಿದರು. ಬಲಗಡೆಯ ಮೊದಲ ಬೆಂಚಿನಿಂದ ಅವಳು ಎದ್ದು ಜನರ ಕಡೆ ತಿರುಗಿದಳು. ಕಣ್ಣು ಬೇಕರಿಯವನನ್ನು ಹುಡುಕಿತು. ಅವನು ಯಾವಾಗಲೂ ಕೂರುವುದು ಎಡಗಡೆಯ ಎರಡನೇ ಬೆಂಚಿನ ತುದಿಯಲ್ಲಿ. ಇವತ್ತು ಅಲ್ಲಿ ಕ್ಷೌರದ ಅಂಗಡಿಯವನು ಕೂತಿದ್ದ. ಬೇಕರಿಯವನು ಊರಿಗೆ ಮುಖ ತೋರಿಸಲಾರದೆ ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕದ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

"ಬೇಕರಿಯವನ ಮೇಲೆ ನಾನು ಅಪವಾದ ಹೊರಿಸಿದೆ," ಅಂದಳು. "ಅವನು ಡಬ್ಬಿ ಮುಟ್ಟಿಲ್ಲ. ನನ್ನ ತಪ್ಪು. ನೀರು ಹುಯ್ದವರನ್ನ ನಾನೇ ಕಣ್ಣಾರೆ ನೋಡಿದೆ. ಅವರು..."

ಇಡೀ ಚರ್ಚು ಮುಂದಕ್ಕೆ ಬಾಗಿತು. ಮುಂದಿನ ಮಾತು ನಾಲಿಗೆಯ ಮೇಲೇ ಇತ್ತು, ಅದನ್ನು ಆಡುವುದಕ್ಕೂ ಆಗಲಿಲ್ಲ, ನುಂಗುವುದಕ್ಕೂ ಆಗಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಸೀಟಿ ಮಾಮ ಎದ್ದು ನಿಂತರು. ಎಡಗಡೆಗೆ, ಎರಡನೇ ಬೆಂಚಿನ ತುದಿಗೆ, ನೇರವಾಗಿ ತಿರುಗಿದರು.

"ತಮ್ಮಾ," ಅಂದರು, ಕ್ಷೌರದ ಅಂಗಡಿಯವನಿಗೆ. "ಬೇರೆಯವರ ಕೈಲಿ ಹೇಳಿಸೋ ಮಾತಲ್ಲ ಇದು. ನಿನ್ನ ಮುಖ ನೋಡಿಯೇ ಹೇಳಬೇಕು ಅಂತ ಎದ್ದೆ. ನೀರು ಹುಯ್ದೋನು ನಾನು. ನಾಲ್ಕು ಸಲ. ನಿನ್ನ ವ್ಯಾಪಾರ ಹಾಳಾದಾಗಲೂ ಬಾಯಿ ಬಿಡಲಿಲ್ಲ. ನನ್ನನ್ನ ಕ್ಷಮಿಸಪ್ಪ."

ಕ್ಷೌರದ ಅಂಗಡಿಯವನು ಬಾಯಿ ತೆರೆದುಕೊಂಡು ಕೂತ. ಒಂದು ವಾರದಿಂದ ಊರನ್ನೆಲ್ಲ ನಗಿಸಿದ ಮನುಷ್ಯನಿಗೆ ಈಗ ಉಸಿರು ಬಿಡುವುದಕ್ಕೂ ಹೆದರಿಕೆ. ಯಾರೂ ನಗಲಿಲ್ಲ. ಮೊದಲು ಮುಂದಿನ ಬೆಂಚಿನವರಿಗೆ, ಆಮೇಲೆ ಹಿಂದಿನವರಿಗೆ, ಏನಾಗುತ್ತಿದೆ ಎಂದು ಅರ್ಥವಾಯಿತು. ಆ ಗೋಲು ಯಾಕೆ ಹಾಗಾಯಿತು ಎನ್ನುವುದೂ ಅರ್ಥವಾಯಿತು. ಅವನಲ್ಲ ರೀ ಎಂದು ಹೇಳಲು ಟೀಚರಮ್ಮ ಬಾಯಿ ತೆರೆದಳು. ಜೀವನವಿಡೀ ತಪ್ಪು ತಿದ್ದಿದವಳಿಗೆ ಈ ಒಂದು ತಪ್ಪನ್ನು ತಿದ್ದಲು ಮನಸ್ಸು ಬರಲಿಲ್ಲ.

ಹಿಂದೆ ಬಾಗಿಲ ಹತ್ತಿರ ಬೇಕರಿಯವನು ಎದ್ದ. ಸದ್ದಾಗಬಾರದೆಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು, ಗೋಡೆಯ ಪಕ್ಕದಿಂದ ಬರಿಗಾಲಿನಲ್ಲಿ ನಡೆದು ಬಂದು, ಕ್ಷೌರದ ಅಂಗಡಿಯವನ ಭುಜ ಮುಟ್ಟಿದ. ಅವನು ಉಸಿರಿಲ್ಲದೆ ಆಚೆ ಸರಿದ. ಬೇಕರಿಯವನು ತನ್ನ ಜಾಗದಲ್ಲಿ, ಮಾಮ ನೋಡುತ್ತಿದ್ದ ಕಡೆಯಲ್ಲೇ, ನೆಟ್ಟಗೆ ನಿಂತುಕೊಂಡ.

"ಆಯ್ತು ಬಿಡಿ ಮಾಮ," ಅಂದ. "ನೀವು ಎದುರಿಗೆ ನಿಂತು ಕೇಳಿದ್ರಲ್ಲ, ಅಷ್ಟು ಸಾಕು."

ಮಾಮನ ಮುಖ ಸಡಿಲವಾಯಿತು. ಟೀಚರಮ್ಮ ಅವರ ಮೊಣಕೈ ಹಿಡಿದು ಕೂರಿಸಿ ತಾನೂ ಕೂತಳು. ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡು ಕೊನೆಯ ಆಶೀರ್ವಾದ ಶುರುಮಾಡಿದರು. ಮಾಮ ಅವಳ ಕಡೆ ಬಾಗಿದರು.

"ಅವನ ಮುಖ ಹೇಗಿತ್ತೇ?" ಎಂದು ಪಿಸುಗುಟ್ಟಿದರು. "ಸಿಟ್ಟಾಗಿದ್ನಾ? ನೋಡಿ ಹೇಳು."

ಟೀಚರಮ್ಮ ತಿರುಗಿ ನೋಡಿದಳು. ಬೇಕರಿಯವನು ಇನ್ನೂ ನಿಂತೇ ಇದ್ದ.

"ಇಲ್ಲ ರೀ," ಅಂದಳು. "ಅಳ್ತಾ ಇದಾನೆ."